ದಾಖಲೆಯ ಮೂಲಚಿತ್ರ ಸಂಘದಲ್ಲಿರಲಿ



ಈ ಸಲ ತಮ್ಮ ಗಮನಕ್ಕೆ ತರಬಯಸುವ ವಿಷಯ ಅಡಿಕೆಯ ಧಾರಣೆಯದಲ್ಲ, ಕಾಫಿಯ ಕಾಂಡಕೊರಕದ್ದೂ ಅಲ್ಲ. ಕಾಗದಪತ್ರದ್ದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕಾಗದಪತ್ರದ ಚಿತ್ರದ್ದು. ಇದು ಗುಮಾಸ್ತರ ಕೆಲಸ, ತೋಟದವರಿಗೆ ಸಂಬಂಧವಿಲ್ಲ ಎಂದು ಪುಟ ತಿರುಗಿಸದೆ ಓದಬೇಕಾಗಿ ವಿನಂತಿ. ಯಾಕೆಂದರೆ ಇಲ್ಲಿ ಕೆಡುವುದು ಚಿತ್ರವಾದರೂ ತೂಗಾಡುವುದು ನಮ್ಮ ಗುಂಟೆ.

ಈಗ ಸಾಲಕ್ಕೆ, ಹನಿ ನೀರಾವರಿಯ ಸಹಾಯಧನಕ್ಕೆ, ಬೆಳೆ ಹಾನಿಯ ಪರಿಹಾರಕ್ಕೆ ಎಲ್ಲದಕ್ಕೂ ದಾಖಲೆಯನ್ನು ಪೋರ್ಟಲಿಗೆ ಏರಿಸಬೇಕು. ಒಂದು ಪೋರ್ಟಲ್ ಜೆಪೆಗ್ ಮಾತ್ರ ಬೇಕು, ಅದೂ 200 ಕೆ.ಬಿ. ಒಳಗಿರಬೇಕು ಎನ್ನುತ್ತದೆ. ಇನ್ನೊಂದು ಪಿ.ಡಿ.ಎಫ್. ಅಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಮಗ ಬೆಂಗಳೂರಿನಿಂದ ತಂದುಕೊಟ್ಟ ಹೊಸ ಫೋನಿನಲ್ಲಿ ತೆಗೆದ ಫೋಟೋವನ್ನು ಮೂರನೆಯದು ತೆರೆಯುವುದೇ ಇಲ್ಲ. ಆಗ ನಮ್ಮ ಸದಸ್ಯರು ಏನು ಮಾಡುತ್ತಾರೆ? ಜೆರಾಕ್ಸ್ ಪ್ರತಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹೊಸದುರ್ಗದ ಯಾವುದೋ ಸೈಬರ್ ಸೆಂಟರಿಗೆ ಕಳಿಸುತ್ತಾರೆ. ಅಲ್ಲಿಯ ಹುಡುಗ ಅದನ್ನು ಕುಗ್ಗಿಸಿ, ನಮೂನೆ ಬದಲಿಸಿ ಏರಿಸುತ್ತಾನೆ. ಕಚೇರಿಯಲ್ಲಿ ಅದರ ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸುತ್ತಾರೆ, ಮುಂದಿನ ಕಚೇರಿಗೆ ಕಳಿಸುವಾಗ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಅಧಿಕಾರಿಯ ಕಣ್ಣಿಗೆ ಬೀಳುವುದು ಪಹಣಿಯಲ್ಲ, ಪಹಣಿಯ ಮರಿಮೊಮ್ಮಗ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮೂನೆ ಬದಲಿಸುವುದು ತಪ್ಪಲ್ಲ, ಅದು ಅನಿವಾರ್ಯ. ಆದರೆ ಪ್ರತಿಯಿಂದ ಪ್ರತಿ ತೆಗೆಯುತ್ತಾ ಹೋಗಬಾರದು. ಪ್ರತಿ ಸಲವೂ ಮೂಲಚಿತ್ರದಿಂದಲೇ ಬದಲಿಸಬೇಕು, ಆ ಮೂಲಚಿತ್ರವನ್ನು ಕಾಯುವ ಹೊಣೆಯನ್ನು ಸಂಘ ಹೊರಬೇಕು.

ಇಷ್ಟೆಲ್ಲ ಕಂಪ್ಯೂಟರ್ ಬಂದ ಮೇಲೂ ಚಿತ್ರ ಏಕೆ ಬೇಕು ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ನಮ್ಮ ರಾಜ್ಯದಲ್ಲಿ 2000ದ ಸುಮಾರಿಗೆ ಬಂದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಲಾಯಿತು, ಕೈಬರಹದ ಪಹಣಿ ನಿಂತಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಭೂಮಿಯೊಡನೆ ಜೋಡಣೆಯಾಯಿತು. ರೈತರಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಬಂದಿತು. ಹೀಗೆ ಎರಡು ವ್ಯವಸ್ಥೆಗಳು ಕೈಹಿಡಿದ ಕಡೆ ಅಂಕಿಯೇ ನೇರವಾಗಿ ನಡೆದುಹೋಗುತ್ತದೆ, ಚಿತ್ರದ ಗೊಡವೆಯಿಲ್ಲ. ಕೈಹಿಡಿಯದ ಕಡೆ ಚಿತ್ರವೇ ಸೇತುವೆ, ಅದನ್ನು ಹೊತ್ತು ದಾಟಿಸುವವನು ರೈತ. ಹಳೆಯ ಮ್ಯುಟೇಷನ್, ಸರ್ವೆ ಟಿಪ್ಪಣಿ, ಮಂಜೂರಾತಿ ಆದೇಶ, ಅಣ್ಣತಮ್ಮಂದಿರ ವಿಭಾಗಪತ್ರ ಇವೆಲ್ಲ ಕೈಬರಹದವು. ಇವು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಚಿತ್ರವಾಗಿಯೇ ಹೋಗಬೇಕು.

ಇನ್ನು ನಮೂನೆಗಳ ವಿಚಾರ. ಟಿಫ್ ಎಂಬುದು 1986ರಲ್ಲಿ ಬಂದದ್ದು. ಸ್ಕ್ಯಾನರ್ ಕಂಡ ಪ್ರತಿಯೊಂದು ಚುಕ್ಕೆಯನ್ನೂ ಬಿಡದೆ ಇಟ್ಟುಕೊಳ್ಳಬಲ್ಲದು. ಜೆಪೆಗ್ 1992ರ ಮಾನಕ. ಅದು ಚಿತ್ರವನ್ನು ಉದ್ದಕ್ಕೆ 8, ಅಗಲಕ್ಕೆ 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮಗಳನ್ನು ಕೈಬಿಟ್ಟು ಗಾತ್ರ ಇಳಿಸುತ್ತದೆ. ತೋಟದ ಫೋಟೋಕ್ಕೆ ಇದು ಸೊಗಸು. ತೆಳು ಗೆರೆಯ ಅಕ್ಷರ, ಅಂಕಿಗಳಿಗೆ ಅಷ್ಟು ಒಗ್ಗುವುದಿಲ್ಲ, ಸುತ್ತಲೂ ಮಸಿ ಹರಡಿದಂತಾಗುತ್ತದೆ. ತಿದ್ದಿ ಮತ್ತೆ ಜೆಪೆಗ್ ಆಗಿಯೇ ಉಳಿಸಿದರೆ ಸಾಮಾನ್ಯವಾಗಿ ಇನ್ನಷ್ಟು ಕಳೆಯುತ್ತದೆ. 1993ರಲ್ಲಿ ಬಂದ ಪಿ.ಡಿ.ಎಫ್. ನಿಜವಾಗಿ ಒಂದು ಲಕೋಟೆ, ಒಳಗೆ ಯಾವ ಗುಣದ ಚಿತ್ರ ಇಟ್ಟಿದ್ದಾರೆಂಬುದು ಹೊರಗಿನಿಂದ ತಿಳಿಯದು. 1996ರ ಪಿ.ಎನ್.ಜಿ. ಏನನ್ನೂ ಕಳೆಯುವುದಿಲ್ಲ. ಐಫೋನುಗಳು 2017ರಿಂದ ಬಳಸುತ್ತಿರುವ ಹೈಕ್ ಎಂಬ ನಮೂನೆಯೇ ಎಷ್ಟೋ ಪೋರ್ಟಲುಗಳಿಗೆ ಅರ್ಥವಾಗದೆ ತಿರಸ್ಕೃತವಾಗುವುದು.

ಇದನ್ನು ನಾವು ಬೆಳೆಗಾರರು ಬೇರೆ ಯಾರಿಗಿಂತಲೂ ಬೇಗ ಅರ್ಥಮಾಡಿಕೊಳ್ಳಬಲ್ಲೆವು. ಕಾಫಿಯ ಹಣ್ಣು ಕೈಯಲ್ಲಿದ್ದಾಗ ಪಲ್ಪ್ ಮಾಡಿ ಪಾರ್ಚ್‌ಮೆಂಟ್ ಮಾಡಬಹುದು, ಹಾಗೆಯೇ ಒಣಗಿಸಿ ಚೆರಿ ಮಾಡಬಹುದು. ಚೆರಿಯಾಗಿ ಒಣಗಿದ್ದನ್ನು ಮತ್ತೆ ಪಾರ್ಚ್‌ಮೆಂಟ್ ಮಾಡಲಾಗದು. ಅಡಿಕೆಯೂ ಹಾಗೆಯೇ. ಮರದಲ್ಲಿ ಗೊನೆ ಇರುವವರೆಗೆ, ಹಸಿಯಲ್ಲೇ ಇಳಿಸಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದೋ, ಹಣ್ಣಾಗಲು ಬಿಟ್ಟು ಚಾಲಿ ಮಾಡುವುದೋ ನಮ್ಮ ಇಷ್ಟ. ಚೊಗರು ಹಾಕಿ ಬೇಯಿಸಿದ ಮೇಲೆ ಚಾಲಿಯ ಆಸೆ ಬಿಡಬೇಕು. ಟಿಫ್ ಎಂಬುದು ಹಣ್ಣು, ಕುಗ್ಗಿಸಿದ ಜೆಪೆಗ್ ಎಂಬುದು ಸಂಸ್ಕರಣೆಯಾದ ಮಾಲು. ಕುಗ್ಗಿದ ಜೆಪೆಗ್ಗನ್ನು ತಿರುಗಿ ಟಿಫ್ ಮಾಡಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಹೋದ ಅಂಕಿ ಮರಳುವುದಿಲ್ಲ.

ಲೆಕ್ಕ ನೋಡಿ. ಒಂದು ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ, ಅಂದರೆ 26 ಎಂ.ಬಿ. ಅದನ್ನು 200 ಕೆ.ಬಿ.ಗೆ ಇಳಿಸುವುದೆಂದರೆ 130ರಲ್ಲಿ ಒಂದು ಪಾಲು ಉಳಿಸುವುದು. ಹಳೆಯ ಪಹಣಿಯ ಕನ್ನಡ ಅಂಕಿಗಳನ್ನು ನೆನಪಿಸಿಕೊಳ್ಳಿ. ೨ ಮತ್ತು ೩, ೬ ಮತ್ತು ೯ ಇವುಗಳ ನಡುವೆ ಇರುವುದು ಒಂದು ಸಣ್ಣ ಕೊಂಕು. ಆ ಕೊಂಕು ಅಳಿದರೆ ಹಿಸ್ಸಾ ಬದಲಾಯಿತು. ನಮ್ಮ ಸದಸ್ಯರೊಬ್ಬರ ಅರ್ಜಿ, ಸರ್ವೆ ನಂಬರು ತಾಳೆಯಾಗುವುದಿಲ್ಲ ಎಂಬ ಷರಾ ಹೊತ್ತು ಒಂದು ಕಚೇರಿಯಿಂದ ವಾಪಸು ಬಂದಿತ್ತು. ಮೂಲ ಕಾಗದದಲ್ಲಿ ಅಂಕಿ ಸ್ಪಷ್ಟವಾಗಿಯೇ ಇತ್ತು, ಏರಿಸಿದ ಚಿತ್ರದಲ್ಲಿ ಮಾತ್ರ ೬ ಯಾವುದು ೯ ಯಾವುದು ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಅರ್ಜಿಯ ಗಡುವು ದಾಟಿತ್ತು.

ಮಸುಕಾದರೆ ಗೊತ್ತಾದರೂ ಆಗುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. 2013ರ ಆಗಸ್ಟಿನಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್ ಎಂಬವರು ಒಂದು ಸಂಗತಿಯನ್ನು ಬಯಲಿಗೆ ತಂದರು. ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಒಂದು ಕಟ್ಟಡದ ನಕ್ಷೆಯನ್ನು ಸ್ಕ್ಯಾನ್ ಮಾಡಿದಾಗ 14.13, 21.11 ಮತ್ತು 17.42 ಚದರ ಮೀಟರಿನ ಮೂರು ಕೋಣೆಗಳೂ 14.13 ಎಂದೇ ಮೂಡಿದ್ದವು. ಗಾತ್ರ ಕುಗ್ಗಿಸಲು ಯಂತ್ರ ಬಳಸುತ್ತಿದ್ದ ಜೆಬಿಗ್-2 ಎಂಬ ಕ್ರಮ, ಒಂದನ್ನೊಂದು ಹೋಲುವ ತುಣುಕುಗಳನ್ನು ಹುಡುಕಿ, ಒಂದನ್ನು ಇಟ್ಟುಕೊಂಡು ಉಳಿದ ಕಡೆಯೂ ಅದನ್ನೇ ಅಂಟಿಸುತ್ತದೆ. 6 ಇದ್ದಲ್ಲಿ 8 ಬಂದ ಉದಾಹರಣೆಗಳೂ ಸಿಕ್ಕಿದವು. ಕಂಪನಿ ಆಮೇಲೆ ತಂತ್ರಾಂಶವನ್ನು ಸರಿಪಡಿಸಿ ಹಂಚಿತು. ನಮಗೆ ಇಲ್ಲಿ ಪಾಠವೇನೆಂದರೆ, ಆ ತಪ್ಪು ಅಂಕಿಗಳು ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿದ್ದವು. ನೋಡಿದವರಿಗೆ ಸಂಶಯ ಬರುವ ಹಾಗೇ ಇರಲಿಲ್ಲ. ಕೋಣೆಯ ಅಳತೆಯ ಜಾಗದಲ್ಲಿ ನಮ್ಮ ಎಕರೆ, ಗುಂಟೆಯನ್ನು ಇಟ್ಟು ಯೋಚಿಸಿ ನೋಡಿ.

ಬೆಳೆಯ ಫೋಟೋದಲ್ಲಿ ಇನ್ನೊಂದು ತೊಡಕಿದೆ. 2020ರ ಮುಂಗಾರಿನಿಂದ ರೈತರೇ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆಪ್‌ಗೆ ಏರಿಸುವ ಪದ್ಧತಿ ಬಂದಿದೆ. ಅದು ಆಪ್‌ನ ಒಳಗೇ ತೆಗೆದ ಚಿತ್ರವಾದ್ದರಿಂದ ಚಿಂತೆಯಿಲ್ಲ. ಗಾಳಿಗೆ ಮರ ಬಿದ್ದಾಗ ನಾವು ಫೋನಿನಲ್ಲಿ ತೆಗೆಯುವ ಚಿತ್ರದೊಳಗೆ ದಿನಾಂಕ, ವೇಳೆ, ಸ್ಥಳದ ಅಕ್ಷಾಂಶ ರೇಖಾಂಶ ಸೇರಿರುತ್ತದೆ, ಫೋನಿನಲ್ಲಿ ಸ್ಥಳದ ಅನುಮತಿ ಕೊಟ್ಟಿದ್ದರೆ. ಅದನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಸ್ಥಳದ ಗುರುತೂ ಹೋಗುತ್ತದೆ. ನಮೂನೆ ಬದಲಿಸುವಾಗಲೂ ಎಷ್ಟೋ ಸಲ ಈ ಗುರುತು ಕಳಚಿಬೀಳುತ್ತದೆ. ಆಮೇಲೆ ಆ ಮರ ಮಾಡದಕೆರೆಯದೋ ಮಂಗಳೂರಿನದೋ ಹೇಳುವವರು ಯಾರು? ವಾಟ್ಸಾಪಿನಲ್ಲೇ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ, ಆಡಳಿತ ಮಂಡಲಿಯ ಮುಂದೆಯೂ ಸದಸ್ಯರ ಮುಂದೆಯೂ ಈ ಸಲಹೆಗಳನ್ನು ಇಡುತ್ತೇವೆ.

1. ಸದಸ್ಯರ ಮೂಲ ಕಾಗದವನ್ನೇ ಸ್ಕ್ಯಾನರಿನಲ್ಲಿಡಬೇಕು, ಜೆರಾಕ್ಸನ್ನಲ್ಲ. ಇಂಚಿಗೆ 300 ಚುಕ್ಕೆ, ಬಣ್ಣದಲ್ಲಿ. ಕಪ್ಪು-ಬಿಳುಪು ಮಾಡಿದರೆ ಗಾತ್ರ ಬಹಳ ಇಳಿಯುತ್ತದೆ ನಿಜ, ಆದರೆ ಮಾಸಿದ ಮಸಿ ಮಾಯವಾಗುತ್ತದೆ, ಕೆಂಪು ಮಸಿಯ ಷರಾ ಕೆಂಪೆಂದು ತಿಳಿಯುವುದಿಲ್ಲ. ಏನನ್ನೂ ಕಳೆಯದ ಟಿಫ್ ಆಗಿ ಇದನ್ನು ಇಡತಕ್ಕದ್ದು.

2. ಈ ಮೂಲಚಿತ್ರವನ್ನು ತಿದ್ದಿ ಅದರ ಮೇಲೆಯೇ ಉಳಿಸಕೂಡದು. ಸದಸ್ಯರ ಸಂಖ್ಯೆ, ಸರ್ವೆ ನಂಬರಿನ ಹೆಸರಿನಲ್ಲಿ ಎರಡು ಡಿಸ್ಕುಗಳಲ್ಲಿರಲಿ, ಒಂದು ಸಂಘದ ಕಟ್ಟಡದ ಹೊರಗಿರಲಿ.

3. ಯಾವ ಪೋರ್ಟಲಿಗೆ ಯಾವ ನಮೂನೆ, ಎಷ್ಟು ಗಾತ್ರ ಎಂಬ ಪಟ್ಟಿ ಗೋಡೆಯ ಮೇಲಿರಲಿ. ಬೇಕಾದಾಗ ಮೂಲಚಿತ್ರದಿಂದಲೇ ಹೊಸ ಪ್ರತಿ ತೆಗೆಯಬೇಕು. ಇದಕ್ಕೆ ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಇದೆ. 1987ರಲ್ಲಿ ಜಾನ್ ಕ್ರಿಸ್ಟಿ ಎಂಬವರು ಬರೆಯತೊಡಗಿದ ಇದು ಈಗ 200ಕ್ಕೂ ಹೆಚ್ಚು ನಮೂನೆಗಳನ್ನು ಬಲ್ಲದು. ಒಂದು ಸಾಲಿನ ಆಜ್ಞೆಯಲ್ಲಿ ನೂರು ಫೈಲುಗಳನ್ನು ಬದಲಿಸಬಹುದು. ನಮ್ಮ ಗುಮಾಸ್ತರು ಕಲಿಯಲಾರದ ವಿದ್ಯೆಯೇನಲ್ಲ.

4. ಬದಲಿಸಿದ ಪ್ರತಿಯನ್ನು ಏರಿಸುವ ಮುನ್ನ ಇಬ್ಬರು ಕೂತು ತಾಳೆ ನೋಡಬೇಕು. ಒಬ್ಬರು ಮೂಲ ಕಾಗದದಿಂದ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಹೆಸರುಗಳನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಯಲ್ಲಿ ನೋಡುವುದು.

5. ಪ್ರತಿ ಮೂಲಚಿತ್ರದ ಹ್ಯಾಷ್ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಇದು ಫೈಲಿನ ಬೆರಳಚ್ಚು ಇದ್ದಂತೆ, ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರದಲ್ಲಿ ಈ ಸಂಖ್ಯೆಗೆ ಜಾಗವಿದೆ. ನಮೂನೆ ಬದಲಿಸಿದ ಪ್ರತಿಯ ಬೆರಳಚ್ಚು ಬೇರೆಯಾಗುವುದರಿಂದ ಮೂಲದ್ದನ್ನು ಕಾಯುವುದು ಇನ್ನೂ ಅಗತ್ಯ.

6. ಸದಸ್ಯರ ಲಿಖಿತ ಒಪ್ಪಿಗೆ ಇಲ್ಲದೆ ಯಾವುದನ್ನೂ ಇಟ್ಟುಕೊಳ್ಳಬಾರದು. ಆಧಾರ್ ಪ್ರತಿಗಳನ್ನು ಇಡುವುದೇ ಬೇಡ. ಮೂಲ ಕಾಗದ ಅದೇ ದಿನ ಸದಸ್ಯರ ಕೈಸೇರಬೇಕು.

ಖರ್ಚಿನ ಮಾತು ಬರುತ್ತದೆಂದು ಬಲ್ಲೆವು. ಒಬ್ಬರಿಗೆ 20 ಪುಟವೆಂದರೆ 520 ಎಂ.ಬಿ. ಸಾವಿರ ಸದಸ್ಯರಿದ್ದರೂ 520 ಜಿ.ಬಿ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸುಮಾರು ಅರ್ಧ ಜಾಗ ಮಿಗುತ್ತದೆ. ಅಂತಹ ಎರಡು ಡಿಸ್ಕು ಮತ್ತು ಒಂದು ಒಳ್ಳೆಯ ಸ್ಕ್ಯಾನರಿನ ಹಣ ಸಂಘಕ್ಕೆ ಭಾರವಲ್ಲ.

ಸರ್ಕಾರವೇ ಸ್ಕ್ಯಾನ್ ಮಾಡುತ್ತಿದೆಯಲ್ಲ, ನಮಗೇಕೆ ಎನ್ನುವವರೂ ಇದ್ದಾರೆ. ಭೂ ಸುರಕ್ಷಾ ಯೋಜನೆಯಲ್ಲಿ 2024ರಿಂದ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಶುರುವಾಗಿದೆ. ಸ್ವಾಗತಾರ್ಹ. ಆದರೆ ಅಲ್ಲಿ ಆಗುವುದು ಕಚೇರಿಯ ಕಪಾಟಿನ ದಾಖಲೆ. ನಮ್ಮ ಮನೆಯ ಟ್ರಂಕಿನಲ್ಲಿರುವ ವಿಭಾಗಪತ್ರ, ಕರಾರು, ಕಂದಾಯದ ರಸೀದಿಗೆ ಗೆದ್ದಲು ಹತ್ತಿದರೆ ಯಾವ ಕಚೇರಿಯೂ ಹೊಣೆಯಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ.

ಕಡೆಯದಾಗಿ ಇಲಾಖೆಗಳವರಲ್ಲಿ ಒಂದು ಮಾತು. ತಂತಿ ನಿಧಾನವಾಗಿದ್ದ ಕಾಲದಲ್ಲಿ 100, 200 ಕೆ.ಬಿ.ಯ ಮಿತಿಗೆ ಅರ್ಥವಿತ್ತು, ಈಗ ಇಲ್ಲ. ನಮೂನೆ ಸರಿಯಿಲ್ಲವೆಂದು ಗುರುತಿಸಿ ತಿರಸ್ಕರಿಸಬಲ್ಲ ಯಂತ್ರ, ತಾನೇ ಬದಲಿಸಿಕೊಳ್ಳಲೂ ಬಲ್ಲದು. ಬಂದದ್ದನ್ನು ಬಂದಂತೆ ತೆಗೆದುಕೊಂಡು, ತಮಗೆ ಬೇಕಾದ ಹಾಗೆ ತಮ್ಮ ಕಡೆಯಲ್ಲೇ ಬದಲಿಸಿಕೊಳ್ಳಲಿ, ಬಂದದ್ದನ್ನೂ ಜೊತೆಗೆ ಇಟ್ಟುಕೊಳ್ಳಲಿ. ಎಲ್ಲ ಇಲಾಖೆಗೂ ಒಂದೇ ನಿಯಮವಿರಲಿ. ಎರಡು ಕಂಪ್ಯೂಟರುಗಳು ಒಂದನ್ನೊಂದು ಅರ್ಥಮಾಡಿಕೊಳ್ಳದಿದ್ದರೆ ಅದರ ದಂಡವನ್ನು ಮೂರು ಎಕರೆಯ ಬೆಳೆಗಾರ ತೆರುವುದು ನ್ಯಾಯವಲ್ಲ.

ಈ ವಿಷಯವನ್ನು ಮುಂದಿನ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುತ್ತಿದ್ದೇವೆ. ಒಪ್ಪುವವರೂ ಒಪ್ಪದವರೂ ಬಂದು ಮಾತನಾಡಬೇಕು. ಅಲ್ಲಿಯವರೆಗೆ ಪ್ರತಿಯೊಬ್ಬರೂ ತಮ್ಮ ಟ್ರಂಕು ತೆಗೆದು, ಕಾಗದಗಳನ್ನು ಬಿಸಿಲು ಕಾಣಿಸದೆ ಗಾಳಿಗೆ ಬಿಡಿಸಿ, ಯಾವ ಯಾವ ಪತ್ರ ಇದೆ ಎಂಬ ಪಟ್ಟಿಯೊಂದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

— ಕಾರ್ಯದರ್ಶಿ, ಮಾಡದಕೆರೆ