ಹಿಮ್ಮಡಿ ನೋವನ್ನು ಅವಗಣಿಸದಿರಿ

ಬೆಳಿಗ್ಗೆ ಹಾಸಿಗೆ ಬಿಟ್ಟೆದ್ದು ನೆಲಕ್ಕೆ ಕಾಲಿಟ್ಟೊಡನೆ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಹ ನೋವು. ನಾಲ್ಕು ಹೆಜ್ಜೆ ನಡೆದರೆ ತುಸು ಕಡಿಮೆ. ಮಧ್ಯಾಹ್ನದ ಅಡುಗೆ ಮುಗಿಯುವಷ್ಟರಲ್ಲಿ ಮತ್ತೆ ಹಾಜರು. 40 ದಾಟಿದ ಅನೇಕ ಸಹೋದರಿಯರಿಗೆ ಇದು ಪರಿಚಿತ. 'ವಯಸ್ಸಾಯಿತಲ್ಲ' ಎಂದು ಅವರು ಸುಮ್ಮನಾಗುತ್ತಾರೆ, ಮನೆಯವರಿಗೂ ಹೇಳುವುದಿಲ್ಲ.

ಅಂಗಾಲಿನಲ್ಲಿ ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ದಪ್ಪನೆಯ ಪಟ್ಟಿಯೊಂದಿದೆ. ಪಾದದ ಕಮಾನಿಗೆ ಅದೇ ಆಧಾರ. ಅದರ ಮೇಲೆ ಎಳೆತ ಹೆಚ್ಚಾದಾಗ ಎಲುಬಿಗೆ ಅಂಟಿರುವ ಜಾಗದಲ್ಲಿ ನೋವು ಶುರುವಾಗುತ್ತದೆ. ವೈದ್ಯರು ಇದನ್ನು ಪ್ಲಾಂಟರ್ ಫೇಸಿಯೈಟಿಸ್ ಎನ್ನುತ್ತಾರೆ. ರಾತ್ರಿಯಿಡೀ ಬಿಗಿದುಕೊಂಡಿದ್ದ ಪಟ್ಟಿ ಮೊದಲ ಹೆಜ್ಜೆಗೇ ಎಳೆಯಲ್ಪಡುವುದರಿಂದ ಬೆಳಗಿನ ನೋವು ಜೋರು.

ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಸವೆದ ತೆಳು ಚಪ್ಪಲಿ, ಹೆಚ್ಚಿದ ತೂಕ, ಬಿಗಿಯಾದ ಮೀನಖಂಡ ಇದಕ್ಕೆ ಮುಖ್ಯ ಕಾರಣಗಳು. ಎಕ್ಸ್‌ರೇಯಲ್ಲಿ 'ಎಲುಬು ಬೆಳೆದಿದೆ' ಎಂದು ಕಂಡರೆ ಗಾಬರಿ ಬೇಡ. ನೋವೇ ಇಲ್ಲದ ಅನೇಕರಲ್ಲೂ ಅಂತಹ ಬೆಳವಣಿಗೆ ಇರುತ್ತದೆ.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಚಿಕಿತ್ಸೆಯಿದೆ. ಹಾಸಿಗೆಯಿಂದ ಇಳಿಯುವ ಮುನ್ನ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು 10 ಸೆಕೆಂಡ್ ಹಿಡಿಯಿರಿ. ಹೀಗೆ 10 ಬಾರಿ ಮಾಡಿ. ಗೋಡೆಗೆ ಕೈಯೂರಿ, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ 30 ಸೆಕೆಂಡ್ ಮುಂದಕ್ಕೆ ಬಾಗಿ. ಇದನ್ನು ದಿನಕ್ಕೆ ಎರಡು ಮೂರು ಸಲ ಮಾಡಿ. ನೀರು ತುಂಬಿ ಮಂಜುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಂಗಾಲಿನಡಿ ಹತ್ತು ನಿಮಿಷ ಉರುಳಿಸಬಹುದು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸಿ. ತರಕಾರಿ ಹೆಚ್ಚುವಂತಹ ಕೆಲಸಗಳನ್ನು ಕುಳಿತೇ ಮಾಡಿ. ಗುಣವಾಗಲು ಹಲವು ತಿಂಗಳು ಹಿಡಿಯಬಹುದು. ಆದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ.

ಎಕ್ಕದ ಎಲೆಯಿಟ್ಟು ಬಿಸಿ ಇಟ್ಟಿಗೆಯ ಮೇಲೆ ಕಾಲೂರುವ ರೂಢಿ ನಮ್ಮಲ್ಲಿದೆ. ಸಕ್ಕರೆ ಕಾಯಿಲೆಯವರು ಇದಕ್ಕೆ ಕೈ ಹಾಕಲೇಬಾರದು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಚರ್ಮ ಸುಟ್ಟರೂ ತಿಳಿಯದು, ಆ ಗಾಯ ಬೇಗ ಮಾಯದು. ಮಂಜುಗಡ್ಡೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಸ್ಟಿರಾಯ್ಡ್ ಚುಚ್ಚುಮದ್ದು ತಾತ್ಕಾಲಿಕ ಉಪಶಮನ ನೀಡುತ್ತದೆ, ಆದರೆ ಪದೇ ಪದೇ ತೆಗೆದುಕೊಂಡರೆ ಪಟ್ಟಿ ಹರಿಯುವ ಸಂಭವವಿದೆ.

ಬಿದ್ದ ನಂತರ ಬಂದ ನೋವು, ಊತ, ಕೆಂಪಾಗುವಿಕೆ, ಜ್ವರ, ಜೋಮು, ಮಲಗಿದಾಗಲೂ ಬಿಡದ ನೋವು, ಜೊತೆಗೆ ಇತರ ಕೀಲುಗಳ ಬಿಗಿತ ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ.

ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡಲು ಅನುಮತಿಯಿದೆ. ಅಲ್ಲಾಹನೇ ನೀಡಿದ ಈ ರಿಯಾಯಿತಿಯನ್ನು ಅಡುಗೆಮನೆಯಲ್ಲಿ ನಾವೇ ನಿರಾಕರಿಸುವುದೇಕೆ? ನೋವಿದೆಯೆಂದು ಬಾಯಿಬಿಟ್ಟು ಹೇಳಿ. ಮಕ್ಕಳು ಪಾತ್ರೆ ತೊಳೆಯಲಿ, ಪತಿ ನೀರು ತರಲಿ. ಮನೆಯವರು ಈ ಭಾರ ಹಂಚಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.