ಸಮಸ್ಯೆಯನ್ನು ನಿರೂಪಿಸುವ ಬಗೆ



ನಮ್ಮ ಮನೆತನಗಳ ಅನೇಕ ತರುಣ ತರುಣಿಯರು ಇಂದು ಎಂ.ಎಡ್., ಪಿಎಚ್.ಡಿ. ಪದವಿಗಳಿಗಾಗಿ ಶಿಕ್ಷಣ ಕ್ಷೇತ್ರದಲ್ಲಿ ಸಂಶೋಧನೆ ಕೈಗೊಂಡಿರುವುದು ಸಂತಸದ ಮಾತು. ಆದರೆ ‘ನಿಮ್ಮ ಸಂಶೋಧನೆಯ ಸಮಸ್ಯೆ ಯಾವುದು?’ ಎಂದು ಕೇಳಿದರೆ, ‘ಗ್ರಾಮೀಣ ಮಕ್ಕಳ ಓದು’ ಎಂಬಂತಹ ಉತ್ತರವೇ ಬಹುಮಟ್ಟಿಗೆ ಬರುತ್ತದೆ. ಅದು ವಿಷಯವೇ ಹೊರತು ಸಮಸ್ಯೆಯಲ್ಲ. ಈ ಎರಡರ ಅಂತರವನ್ನು ಅರಿಯುವುದೇ ಸಂಶೋಧನೆಯ ಪ್ರಥಮ ಪಾಠ.

ನಮ್ಮ ಶಾಸ್ತ್ರಕಾರರಿಗೆ ಈ ಭೇದವು ಚೆನ್ನಾಗಿ ತಿಳಿದಿತ್ತು. ಮೀಮಾಂಸಾಶಾಸ್ತ್ರವು ಒಂದು ಅಧಿಕರಣಕ್ಕೆ ಐದು ಅಂಗಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲಿನವು ವಿಷಯ, ಸಂಶಯ, ಪೂರ್ವಪಕ್ಷ. ವಿಷಯವನ್ನು ಹೆಸರಿಸಿದ ಮಾತ್ರಕ್ಕೆ ವಿಚಾರವು ಆರಂಭವಾಗದು. ಅದರಲ್ಲಿ ನಿಜವಾದ ಸಂಶಯ ಹುಟ್ಟಬೇಕು. ಅನ್ಯರು ಹೇಳಿರುವುದನ್ನು ನ್ಯಾಯವಾಗಿ ಮುಂದಿಡಬೇಕು. ಸಿದ್ಧಾಂತವು ಆ ಬಳಿಕ ಬರತಕ್ಕದ್ದು. ಇಂದಿನ ವಿದ್ಯಾರ್ಥಿಯಾದರೋ ವಿಷಯದಿಂದ ನೇರವಾಗಿ ಸಿದ್ಧಾಂತಕ್ಕೆ ಜಿಗಿಯುತ್ತಾನೆ.

‘ತಂದೆತಾಯಿಗಳ ಅಲಕ್ಷ್ಯದಿಂದ ಗ್ರಾಮೀಣ ಮಕ್ಕಳು ಓದಿನಲ್ಲಿ ಹಿಂದುಳಿದಿರುವುದರ ಅಧ್ಯಯನ’ ಎಂಬ ವಾಕ್ಯವನ್ನೇ ಪರೀಕ್ಷಿಸೋಣ. ಇಲ್ಲಿ ವಿಚಾರಣೆಗೆ ಮೊದಲೇ ತೀರ್ಪು ಬಂದುಬಿಟ್ಟಿದೆ. ಮುಂಜಾನೆ ಕೂಲಿಗೆ ಹೋಗಿ ಸಂಜೆ ಮರಳುವ ತಾಯಿ ಅಪರಾಧಿಯಾಗಿದ್ದಾಳೆ. ಹೀಗೆ ಬರೆದುಕೊಂಡವನು ಪ್ರಶ್ನಾವಳಿಯನ್ನು ಹಿಡಿದು ಆ ತಾಯಿಯ ಮನೆಗೆ ಹೋಗುತ್ತಾನೆಯೇ ವಿನಾ ತರಗತಿಯೊಳಗೆ ಕಾಲಿಡುವುದಿಲ್ಲ. ಮಗುವಿಗೆ ಯಾವ ಅಕ್ಷರ ಬಾರದೆಂಬುದು ಮೂರು ವರ್ಷಗಳ ಶ್ರಮದ ನಂತರವೂ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ಸಮಸ್ಯೆಯನ್ನು ಬರೆಯುವ ಕ್ರಮವೇನು? ನಾಲ್ಕು ಮಾತುಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕು.

ಮೊದಲನೆಯದು, ಇರುವ ಸ್ಥಿತಿ. 2022ರ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಪ್ರದೇಶಗಳಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 43 ಮಂದಿ.

ಎರಡನೆಯದು, ಇರಬೇಕಾದ ಸ್ಥಿತಿ. 2021ರ ಜುಲೈನಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ನಿಪುಣ ಭಾರತ’ ಯೋಜನೆಯು, ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕೆಂದು ಗುರಿಯಿಟ್ಟಿದೆ.

ಮೂರನೆಯದು, ಈಗಾಗಲೇ ತಿಳಿದಿರುವುದು. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ನಮ್ಮ ಲಿಪಿಯಲ್ಲಿ ಅಕ್ಷರಗಳ ಕಲಿಕೆಯು ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ತೋರಿಸಿತು. ಇದರ ಮೇಲೆ, ಕೋವಿಡ್ ಕಾಲದಲ್ಲಿ ಕರ್ನಾಟಕದ ಕಿರಿಯ ತರಗತಿಗಳು 2020ರ ಮಾರ್ಚಿಯಿಂದ 2021ರ ಅಕ್ಟೋಬರಿನವರೆಗೆ ಮುಚ್ಚಿದ್ದವು. ಇದೇ ನಮ್ಮ ಪೂರ್ವಪಕ್ಷದ ಸಾಮಗ್ರಿ.

ನಾಲ್ಕನೆಯದು, ಇನ್ನೂ ತಿಳಿಯದಿರುವುದು. ಸಂಶಯದ ಸ್ಥಾನವೇ ಇದು.

ಈ ನಾಲ್ಕನ್ನೂ ಕೂಡಿಸಿ ಹೀಗೆ ಬರೆಯಬಹುದು: ‘ಮೂರನೆಯ ತರಗತಿ ಮುಗಿಸಿದ ಮಕ್ಕಳು ಸರಳ ವಾಕ್ಯಗಳನ್ನು ಓದಬೇಕೆಂಬುದು ಗುರಿ. ನಮ್ಮ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ಕೆಲವು ಮಕ್ಕಳು ಓದಲಾರರು. ಅವರು ತಡೆದು ನಿಲ್ಲುವುದು ಮೂಲಾಕ್ಷರಗಳಲ್ಲಿಯೋ, ಗುಣಿತಾಕ್ಷರಗಳಲ್ಲಿಯೋ, ಒತ್ತಕ್ಷರಗಳಲ್ಲಿಯೋ ಎಂಬುದು ತಿಳಿದಿಲ್ಲ. ಅದು ತಿಳಿಯದೆ ಯಾವ ಮಗುವಿಗೆ ಯಾವ ಪಾಠವೆಂದು ಶಿಕ್ಷಕರು ನಿರ್ಧರಿಸಲಾರರು.’

ಇದರಲ್ಲಿ ಯಾರ ಮೇಲೆಯೂ ಆರೋಪವಿಲ್ಲ. ಯಾರ ಕುರಿತು, ಎಲ್ಲಿ, ಏನನ್ನು ತಿಳಿಯಬೇಕು, ತಿಳಿದರೆ ಯಾರಿಗೆ ಪ್ರಯೋಜನ ಎಂಬುದೆಲ್ಲ ಸ್ಪಷ್ಟವಾಗಿದೆ. ಮಗುವನ್ನು ಎದುರಿಗೆ ಕೂಡಿಸಿಕೊಂಡು ಓದಿಸಿದರೆ ಉತ್ತರವು ಸಿಕ್ಕೀತು. ಆ ಉತ್ತರವು ನಾವು ಊಹಿಸಿದ್ದಕ್ಕೆ ವಿರುದ್ಧವಾಗಿಯೂ ಬಂದೀತು. ಹಾಗೆ ಬರಲು ಅವಕಾಶವಿರುವುದೇ ಒಳ್ಳೆಯ ನಿರೂಪಣೆಯ ಲಕ್ಷಣ.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಸಂಶೋಧನೆ ಮಾಡುವ ಮಗನನ್ನೋ ಸೊಸೆಯನ್ನೋ ‘ಪದವಿ ಎಂದು ಬರುತ್ತದೆ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿರಿ. ಬರೆದ ಸಮಸ್ಯೆಯನ್ನು ನಿಮ್ಮೆದುರು ಓದಲು ಹೇಳಿರಿ. ‘ನಿನಗೆ ತಿಳಿಯದಿರುವುದು ಯಾವುದು?’ ಎಂದು ಕೇಳಿರಿ. ಅದಕ್ಕೆ ಉತ್ತರ ಬಾರದಿದ್ದರೆ, ಪ್ರಶ್ನಾವಳಿಯನ್ನು ಅಚ್ಚು ಹಾಕಿಸುವ ಮೊದಲು ಒಂದು ವಾರ ಯಾವುದಾದರೂ ಶಾಲೆಯಲ್ಲಿ ಮಕ್ಕಳ ಜೊತೆ ಕುಳಿತು ಬರುವಂತೆ ಅವರನ್ನು ಹರಸಿ ಕಳುಹಿಸಿರಿ.