ಜೇಡಕ್ಕೊಂದು ಕನ್ನಡದ ಹೆಸರು

2024ರಲ್ಲಿ 'ಝೂಕೀಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಕರ್ನಾಟಕದ ಒಂದು ಪುಟ್ಟ ಜೇಡದ ವರ್ಣನೆ ಪ್ರಕಟವಾಯಿತು. ಅದುವರೆಗೆ ವಿಜ್ಞಾನಕ್ಕೆ ಗೊತ್ತಿರದಿದ್ದ ಪ್ರಭೇದ ಅದು. ಅದಕ್ಕಿಟ್ಟ ಹೆಸರು 'ತೆಂಕಣ ಜಯಮಂಗಲಿ'. ಇದು ಮುದ್ದಿನ ಹೆಸರಲ್ಲ, ಶಾಸ್ತ್ರೀಯ ಹೆಸರು. ಜಪಾನಿನ ವಿಜ್ಞಾನಿಯಾಗಲಿ ಬ್ರೆಜಿಲ್‌ನ ವಿಜ್ಞಾನಿಯಾಗಲಿ ಈ ಜೇಡದ ಬಗ್ಗೆ ಬರೆಯುವಾಗ ಇದೇ ಹೆಸರನ್ನು ಬಳಸಬೇಕು.

ಜಯಮಂಗಲಿ ತುಮಕೂರು ಜಿಲ್ಲೆಯ ದೇವರಾಯನದುರ್ಗದಲ್ಲಿ ಹುಟ್ಟುವ ನದಿ. 'ತೆಂಕಣ' ಎಂದರೆ ದಕ್ಷಿಣ. ಈ ಕುಲದ ಜೇಡಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾ ಕಡೆಯವು ಎಂಬ ಕಾರಣಕ್ಕೆ ಇಡೀ ಕುಲಕ್ಕೇ ಆ ಕನ್ನಡ ಪದವನ್ನು ಕೊಟ್ಟಿದ್ದಾರೆ. ಇದೇ ಕುಲದ ಇನ್ನೊಂದು ಜೇಡದ ಹೆಸರು 'ತೆಂಕಣ ಅರ್ಕಾವತಿ'. ಅರ್ಕಾವತಿಯೂ ನಮ್ಮ ನದಿಯೇ, ನಂದಿಬೆಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುವಂಥದ್ದು.

ಈಗ ಪೋಷಕರನ್ನು ಒಂದು ಮಾತು ಕೇಳುತ್ತೇನೆ. ಮೂಡಣ, ಪಡುವಣ, ಬಡಗಣ, ತೆಂಕಣ ಎಂಬ ನಾಲ್ಕು ದಿಕ್ಕುಗಳನ್ನು ನಾವು ಮನೆಯಲ್ಲಿ ಕೊನೆಯ ಬಾರಿ ಹೇಳಿದ್ದು ಯಾವಾಗ? ಪೂರ್ವ, ಪಶ್ಚಿಮ ಎನ್ನುತ್ತೇವೆ, ಅದೂ ಹೋಗಿ ಈಸ್ಟ್, ವೆಸ್ಟ್ ಆಗಿದೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆಯವರಿಗೆ ತೆಂಕುತಿಟ್ಟು, ಬಡಗುತಿಟ್ಟು ಎಂದು ಯಕ್ಷಗಾನದ ನೆಪದಲ್ಲಾದರೂ ಆ ಪದಗಳು ಉಳಿದಿವೆ. ನಾವು ಕೈಬಿಟ್ಟ ಪದವೊಂದನ್ನು ಒಂದು ಜೇಡ ಎತ್ತಿಕೊಂಡಿತಲ್ಲ ಎಂದು ನನಗೆ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಮಕ್ಕಳೇ, ಇದು ನೆಗೆಯುವ ಜೇಡಗಳ ಕುಟುಂಬಕ್ಕೆ ಸೇರಿದ್ದು. ಇವು ಬಲೆ ಹೆಣೆದು ಬೇಟೆಗಾಗಿ ಕಾಯುವುದಿಲ್ಲ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಬಹಳ ದೊಡ್ಡವು. ಅವುಗಳಿಂದ ಗುರಿ ನೋಡಿ, ಬೆಕ್ಕಿನಂತೆ ಹೊಂಚು ಹಾಕಿ, ಚಂಗನೆ ಹಾರುತ್ತವೆ. ಹಾರುವ ಮುಂಚೆ ನೂಲಿನ ಒಂದು ಎಳೆಯನ್ನು ಅಂಟಿಸಿಕೊಳ್ಳುತ್ತವೆ, ಗುರಿ ತಪ್ಪಿದರೆ ಬೀಳಬಾರದಲ್ಲ! ತೆಂಕಣ ಕುಲದವು ಹೆಚ್ಚಾಗಿ ಒಣ ಪ್ರದೇಶದ ನೆಲದ ಮೇಲೆ ಓಡಾಡುವಂಥವು.

ಹೊಸ ಪ್ರಭೇದ ಎಂದು ಹೇಳಲು 'ಚಿಕ್ಕದಾಗಿತ್ತು, ಕಂದು ಬಣ್ಣ' ಎಂದರೆ ಸಾಲದು. ಸೂಕ್ಷ್ಮದರ್ಶಕದ ಕೆಳಗಿಟ್ಟು, ಮಿಲಿಮೀಟರಿನ ಭಾಗಗಳಲ್ಲಿ ಅಳೆದು, ಚಿತ್ರ ಬರೆದು, ಹತ್ತಿರದ ನೆಂಟರಿಗಿಂತ ಇದು ಎಲ್ಲಿ ಬೇರೆ ಎಂಬುದನ್ನು ಮಾತಿನಲ್ಲಿ ಹೇಳಬೇಕು. ಮಾದರಿಯನ್ನು ಮುಂದಿನವರು ನೋಡಲೆಂದು ಕಾಪಾಡಿ ಇಡಬೇಕು. ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್, ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ವಂಶವಾಹಿಗಳನ್ನೂ ಹೋಲಿಸಿ ನೋಡಿದರು. ಅರ್ಕಾವತಿಯ ಹೆಸರಿನ ಜೇಡವನ್ನು ಮೊದಲು ಬೇರೊಂದು ಕುಲದಲ್ಲಿ ಇಟ್ಟಿದ್ದರು. ಅದು ಅಲ್ಲಿಯದಲ್ಲ ಎಂದು ಈಗ ತಿಳಿಯಿತು.

ನೀವೆಲ್ಲ ಶಾಲೆಯಿಂದ ಸೌತ್ ಕೆನ್ಸಿಂಗ್ಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಹೋಗಿ ಡೈನೋಸಾರ್ ನೋಡಿದವರೇ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಭಾರತದ ಜೇಡ, ಚೇಳುಗಳು ಅದೇ ಕಟ್ಟಡಕ್ಕೆ ಬರುತ್ತಿದ್ದವು. ಅಲ್ಲಿ ಕೆಲಸದಲ್ಲಿದ್ದ ಆರ್. ಐ. ಪೊಕಾಕ್ ಅವುಗಳನ್ನು ವರ್ಣಿಸಿ 1900ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಮೆಚ್ಚಬೇಕಾದ ಕೆಲಸವೇ. ಆದರೆ ಅಂದು ಹೆಸರಿಡುವವರು ಇಲ್ಲಿದ್ದರು, ಜೇಡಗಳು ಅಲ್ಲಿದ್ದವು. ಇಂದು ನೋಡುವವರು ಆ ನೆಲದ ಮೇಲೇ ಇದ್ದಾರೆ, ಹಾಗಾಗಿ ಆ ನೆಲದ ಮಾತು ಹೆಸರಿಗೆ ಬಂದಿದೆ. 2016ರಲ್ಲಿ ಕರ್ನಾಟಕದ ಕಾಡಿನ ಇನ್ನೊಂದು ಜೇಡಕ್ಕೆ ಹ್ಯಾರಿ ಪಾಟರ್ ಕಥೆಯ ಟೋಪಿಯ ನೆನಪಿಗೆ 'ಗ್ರಿಫಿಂಡೋರಿ' ಎಂಬ ಹೆಸರು ಬಂತು. ಅದರ ಮೇಲೆ ನನಗೆ ತಕರಾರಿಲ್ಲ, ಅದು ಆ ಟೋಪಿಯ ಹಾಗೆಯೇ ಕಾಣುತ್ತದೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಮತ ತೆಂಕಣಕ್ಕೆ.

ಕನ್ನಡಕ್ಕೆ ಇಲ್ಲಿ ಜಿಸಿಎಸ್ಇ ಇಲ್ಲ. 'ಪರೀಕ್ಷೆ ಇಲ್ಲದ ಭಾಷೆಗೆ ಶನಿವಾರ ಯಾಕೆ ಹಾಳು ಮಾಡಬೇಕು?' ಎಂದು ಕೇಳುವ ಪೋಷಕರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹಬ್ಬಕ್ಕೂ ಅಜ್ಜಿಯ ಫೋನಿಗೂ ಮಾತ್ರ ಕನ್ನಡ ಎಂದು ನಾವೇ ಗೆರೆ ಎಳೆದರೆ ಮಕ್ಕಳಿಗೆ ಆನೆ, ಹುಲಿ, ನವಿಲು ಮಾತ್ರ ಕನ್ನಡದಲ್ಲಿರುತ್ತವೆ. ಕಾಲಡಿಯ ಹುಳುವೆಲ್ಲ ಇಂಗ್ಲಿಷಿಗೆ ಹೋಗುತ್ತದೆ. ನಾವು ಶಿಕ್ಷಕರೂ ಪಟದಲ್ಲಿರುವ ಪ್ರಾಣಿಗಳ ಹೆಸರು ಕಂಠಪಾಠ ಮಾಡಿಸುವುದನ್ನು ಕಡಿಮೆ ಮಾಡಿ, ಕಣ್ಣಿಗೆ ಕಂಡದ್ದನ್ನು ಹೇಳಿಸಬೇಕು: ಕಾಲು ಎಷ್ಟು, ಪಟ್ಟೆ ಎಲ್ಲಿದೆ, ಹೇಗೆ ನಡೆಯುತ್ತದೆ, ಬೆರಳು ತಂದರೆ ಏನು ಮಾಡುತ್ತದೆ.

ಅದಕ್ಕೆ ತುಮಕೂರಿಗೆ ಹೋಗಬೇಕಿಲ್ಲ. ತೆಂಕಣದ ದೂರದ ಬಂಧು, ಕಪ್ಪು ಬಿಳಿ ಪಟ್ಟೆಯ ಜೀಬ್ರಾ ಜೇಡ, ಬೇಸಿಗೆಯಲ್ಲಿ ಲಂಡನ್ನಿನ ಮನೆಗಳ ಗೋಡೆಯ ಮೇಲೆಯೇ ಸಿಗುತ್ತದೆ. ಬಿಸಿಲು ಬೀಳುವ ತೆಂಕಣ ಗೋಡೆಯನ್ನು ನೋಡಿ. ಅಕ್ಕಿಕಾಳಿನಷ್ಟಿರುತ್ತದೆ, ಕಚ್ಚೀತೆಂಬ ಹೆದರಿಕೆ ಬೇಡ. ಕಂಡದ್ದನ್ನು ಹತ್ತು ಸಾಲು ಕನ್ನಡದಲ್ಲಿ ಬರೆದು ತನ್ನಿ, ಕಾಗುಣಿತ ಆಮೇಲೆ ತಿದ್ದೋಣ.